ಬ್ಯಾಸ್ರದ ಬೋಟು: ಲೇಕ್ ಫೋರ್ಕ್‌ನಲ್ಲಿ ಅಪ್ಪನ ಜೊತೆ ಮೂರು ದಿನ

ಬೋಟು ನನ್ನದಾಗಿದ್ದು ಮಾರ್ಚ್ ಮೊದಲ ವಾರ. ಸಾಗರದಿಂದ ಅಪ್ಪ ಡ್ಯಾಲಸ್‌ಗೆ ಬಂದಿಳಿದಿದ್ದು ಮೂರನೇ ವಾರ. ಎರಡಕ್ಕೂ ಏನೂ ಸಂಬಂಧ ಇಲ್ಲ ಅಂತ ಹೆಂಡತಿಗೆ ಹೇಳಿದ್ದೇನೆ. ಅವಳು ನಂಬಿಲ್ಲ.

ಶರಾವತಿ ಹಿನ್ನೀರಿನ ದಂಡೆಯ ಊರು ನಮ್ಮದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಅಪ್ಪನಿಗೆ ಎಂಟು ವರ್ಷ. ಹಳೇ ಮನೆ, ಗದ್ದೆ ಎಲ್ಲಾ ನೀರೊಳಗೆ ಹೋಯಿತು. ಆಮೇಲೆ ಅದೇ ನೀರಿಗೆ ಗಾಳ ಹಾಕುತ್ತಾ ದೊಡ್ಡವನಾದ ಆಸಾಮಿ. ಅಂಥವನ ಮುಂದೆ ನನ್ನ ಹೊಸ ಬೋಟು ನಿಲ್ಲಿಸಿ, ಅವನು ಬಾಯಿ ಮೇಲೆ ಬೆರಳಿಡೋದನ್ನ ನೋಡಬೇಕು ಅನ್ನೋದು ನನ್ನ ಆಸೆ. ಹನ್ನೆರಡು ವರ್ಷದ ಸಾಫ್ಟ್‌ವೇರ್ ದುಡಿಮೆಯಲ್ಲಿ ಬೇಡದ ವಸ್ತು ಅಂತ ಗೊತ್ತಿದ್ದೂ ಕೊಂಡಿದ್ದು ಇದೊಂದೇ.

ಹದಿನೆಂಟು ಅಡಿ ಉದ್ದ, ಅಲ್ಯೂಮಿನಿಯಂ ಮೈ, ಹಿಂದೆ 115 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಬ್ಯಾಸ್ ಅನ್ನೋದು ಇಲ್ಲಿ ಎಲ್ಲರೂ ಹುಚ್ಚು ಹಿಡಿಸಿಕೊಂಡಿರುವ ಸಿಹಿನೀರಿನ ಮೀನು. ಅದನ್ನು ಹಿಡಿಯೋಕಂತಲೇ ಮಾಡಿದ ಬೋಟು ಇದು, ಬ್ಯಾಸ್ ಬೋಟು ಅಂತಾರೆ. ಎತ್ತರ ಕಮ್ಮಿ, ಮುಂದೆ ಜಗಲಿ ಥರ ಚಪ್ಪಟೆ ಡೆಕ್, ಅದರ ಮೇಲೆ ನಿಂತು ಗಾಳ ಎಸೆಯಬೇಕು. ಮೂತಿಯಲ್ಲಿ ಕಾಲಲ್ಲಿ ಒತ್ತಿ ನಡೆಸುವ ಬ್ಯಾಟರಿ ಮೋಟರ್. ಮಿಣಿಮಿಣಿ ಹೊಳೆಯುವ ಫೈಬರ್‌ಗ್ಲಾಸ್ ಬೋಟಿನ ಮೇಲೆ ನನಗೆ ಕಣ್ಣಿತ್ತು, ನಿಜ. ಅದರ ಬೆಲೆಗೆ ಊರಲ್ಲಿ ಅಡಿಕೆ ತೋಟ ಬರುತ್ತಿತ್ತು ಅಂತ ಹೆಂಡತಿ ನೆನಪಿಸಿದ ಮೇಲೆ ಅಲ್ಯೂಮಿನಿಯಂಗೆ ಇಳಿದೆ.

ಅಪ್ಪ ಬೋಟಿನ ಸುತ್ತ ಒಂದು ಸುತ್ತು ಹಾಕಿದ. ಹಲಸಿನಕಾಯಿ ಬಲಿತಿದೆಯಾ ಅಂತ ನೋಡುವ ಹಾಗೆ ಬೆರಳ ಗಣ್ಣಲ್ಲಿ ಬಡಿದ.

"ತಗಡಾ?"

"ಅಲ್ಯೂಮಿನಿಯಂ ಅಪ್ಪ."

"ತಗಡೇ."

ಇದರಲ್ಲಿ ದಿನವಿಡೀ ಏನು ಮಾಡ್ತಾರೆ ಅಂತ ಕೇಳಿದ. ಗಾಳ ಎಸೀತಾರೆ, ಎಳೀತಾರೆ, ಮತ್ತೆ ಎಸೀತಾರೆ ಅಂದೆ. ಮೀನು ತಿಂತಾರಾ? ಸಾಮಾನ್ಯವಾಗಿ ಇಲ್ಲ, ಬಿಟ್ಟುಬಿಡ್ತಾರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಹಂಗಾದ್ರೆ ಬ್ಯಾಸ್ರದ ಬೋಟು ಅನ್ನು" ಅಂದ. ಅಲ್ಲಿಂದ ಅದೇ ಹೆಸರು ನಿಂತಿತು.

ಮೊದಲ ದಿನ, ಶುಕ್ರವಾರ

ಡ್ಯಾಲಸ್ ಪಕ್ಕದಲ್ಲಿ ನಾವಿರುವ ಫ್ರಿಸ್ಕೋದಿಂದ ಲೇಕ್ ಫೋರ್ಕ್‌ಗೆ ಎರಡು ಗಂಟೆಯ ದಾರಿ. ಹಿಂದೆ ಬೋಟು ಕಟ್ಟಿಕೊಂಡರೆ ಎರಡೂವರೆ ಅಂತ ಲೆಕ್ಕ ಇಡಬೇಕು. ಟೋಲ್ ಕೂಡ ಜಾಸ್ತಿ ಬೀಳುತ್ತದೆ, ಟ್ರೇಲರ್ ಗಾಲಿಗೂ ದುಡ್ಡು. ಐ-30 ಹೆದ್ದಾರಿ ಹಿಡಿದು, ರೇ ಹಬಾರ್ಡ್ ಕೆರೆ ದಾಟಿ, ರಾಯ್ಸ್ ಸಿಟಿಯ ದೊಡ್ಡ ಪೆಟ್ರೋಲ್ ಬಂಕ್ ಬಕೀಸ್‌ನಲ್ಲಿ ನಿಲ್ಲಿಸಿದೆ. ಟ್ರೇಲರ್ ಇದ್ದವರಿಗೆ ಬಕೀಸ್ ಒಳ್ಳೇದು, ರಿವರ್ಸ್ ತೆಗೆಯುವ ತಾಪತ್ರಯ ಇಲ್ಲ. ಅಪ್ಪ ಪೆಟ್ರೋಲ್ ಪಂಪು ಎಣಿಸೋಕೆ ಶುರು ಮಾಡಿ ನಲವತ್ತಕ್ಕೆ ಬಿಟ್ಟ.

ಟ್ರೇಲರ್ ಚಕ್ರದ ನಡುಭಾಗ ಮುಟ್ಟಿ ನೋಡು, ಬಿಸಿ ಏರಿದ್ದರೆ ಬೇರಿಂಗ್ ಹೋಗಿದೆ ಅಂತ ಅರ್ಥ, ಹೀಗಂತ ಆಫೀಸಿನ ಗೆಳೆಯನೊಬ್ಬ ಹೇಳಿಕೊಟ್ಟಿದ್ದ. ಅದನ್ನ ಅಪ್ಪನಿಗೆ ಹೇಳಿದೆ. ಆಮೇಲೆ ನಿಂತ ಕಡೆಯೆಲ್ಲ ಅಪ್ಪ ಇಳಿದು, ಮಕ್ಕಳ ಹಣೆ ಮುಟ್ಟಿ ಜ್ವರ ನೋಡುವ ಹಾಗೆ ಎರಡೂ ಚಕ್ರಕ್ಕೆ ಅಂಗೈ ಇಟ್ಟು, "ಪರವಾಗಿಲ್ಲ" ಅಂತ ಹತ್ತುತ್ತಿದ್ದ.

ಗ್ರೀನ್‌ವಿಲ್ ಆದಮೇಲೆ ಹೆದ್ದಾರಿ ಬಿಟ್ಟು 69ನೇ ನಂಬರ್ ರಸ್ತೆ. ಲೋನ್ ಓಕ್, ಎಮರಿ. ಇಲ್ಲಿಂದ ಟೆಕ್ಸಾಸ್ ಬೇರೆ ಥರ. ಮರಗಳು ಹತ್ತಿರ ಬರುತ್ತವೆ, ಮಣ್ಣು ಕೆಂಪಗಾಗುತ್ತದೆ, ಹಸುಗಳು ಬೇಲಿ ಪಕ್ಕ ಬಂದು ನೋಡುತ್ತವೆ. ಏಪ್ರಿಲ್ ಮೊದಲ ವಾರ ಆದ್ದರಿಂದ ರಸ್ತೆಯ ಎರಡೂ ಕಡೆ ಬ್ಲೂಬಾನೆಟ್ ಹೂವು, ನೀಲಿ ಜಮಖಾನ ಹಾಸಿದ ಹಾಗೆ.

"ಯಾರು ಬಿತ್ತಿದ್ದು?"

"ಬೀಜ ಹಾಕೋದು ಹೆದ್ದಾರಿ ಇಲಾಖೆಯವರು."

"ಇಲಾಖೆಯವರಾ!" ಎಮರಿ ಬರುವ ತನಕ ಅಪ್ಪ ಅದನ್ನೇ ಯೋಚಿಸುತ್ತಿದ್ದ ಅಂತ ಕಾಣುತ್ತದೆ.

ಲೇಕ್ ಫೋರ್ಕ್ ತಲುಪಿದಾಗ ಮಧ್ಯಾಹ್ನ ಎರಡು ಗಂಟೆ. ಸಬೀನ್ ನದಿ ಸೇರುವ ಒಂದು ಹಳ್ಳಕ್ಕೆ ಅಡ್ಡ ಕಟ್ಟಿ 1980ರಲ್ಲಿ ನೀರು ನಿಲ್ಲಿಸಿದ ಕೆರೆ ಇದು. ಸುಮಾರು 27 ಸಾವಿರ ಎಕರೆ. ಕೆರೆ ಅನ್ನೋದು ಬಾಯಿಮಾತಿಗೆ, ನಮ್ಮ ಹಿನ್ನೀರಿನ ಹಾಗೇ ಬೆರಳು ಬೆರಳಾಗಿ ಕಣಿವೆಗಳಿಗೆ ಚಾಚಿಕೊಂಡಿದೆ.

ಬೋಟನ್ನು ನೀರಿಗೆ ಇಳಿಸುವ ಇಳಿಜಾರಿಗೆ ರ‍್ಯಾಂಪ್ ಅಂತಾರೆ. ಟ್ರೇಲರನ್ನು ಹಿಂದೆ ಹಿಂದೆ ಬಿಟ್ಟು ನೀರೊಳಗೆ ಇಳಿಸಬೇಕು. ಅದಕ್ಕಂತ ಖಾಲಿ ಚರ್ಚ್ ಮೈದಾನದಲ್ಲಿ ಎರಡು ಭಾನುವಾರ ಪ್ರಾಕ್ಟೀಸ್ ಮಾಡಿದ್ದೆ. ಆದರೆ ಅಲ್ಲಿ ಹಿಂದೆ ಕಾಯುವವರು ಇರಲಿಲ್ಲ. ಇಲ್ಲಿ ನಾಲ್ಕು ಪಿಕಪ್ ಸಾಲಾಗಿ ನಿಂತಿದ್ದವು. ಕೈ ಬೆವರಿತು.

ಅಪ್ಪ ಇಳಿದು ಹಿಂದೆ ಹೋಗಿ ನಿಂತ. "ನೀನು ಬಿಡು, ನಾ ಹೇಳ್ತೀನಿ" ಅಂದ. ಬಿಟ್ಟೆ.

"ರೈಟ್, ರೈಟ್!"

ನಾನು ರೈಟಿಗೆ ತಿರುಗಿಸಿದೆ. ಟ್ರೇಲರ್ ಉಲ್ಟಾ ಕಡೆ ಹೊರಳಿತು.

"ರೈಟ್! ರೈಟ್! ರೈಟ್!"

ಇನ್ನೂ ತಿರುಗಿಸಿದೆ. ಟ್ರೇಲರ್ ಅಡ್ಡಡ್ಡ ಮಡಚಿಕೊಂಡು ಒಂದು ಗಾಲಿ ಹುಲ್ಲಿನ ಮೇಲೆ ಹತ್ತಿತು. ಅಷ್ಟರಲ್ಲಿ ಅಪ್ಪ ಬಾನೆಟ್ ಬಡಿಯುತ್ತಾ ಬಂದ. "ಅಲ್ಲ ಮಾರಾಯ, ರೈಟ್ ಅಂದ್ರೆ ನೆಟ್ಟಗೆ ಬಾ ಅಂತ!" ಆಗ ಹೊಳೆಯಿತು. ಅಪ್ಪ ಹೇಳುತ್ತಿದ್ದಿದ್ದು ಕೆಎಸ್ಸಾರ್ಟಿಸಿ ಕಂಡಕ್ಟರ್ ರೈಟು. ಹಿಂದಿನ ಪಿಕಪ್‌ನಿಂದ ಗಡ್ಡದವನೊಬ್ಬ ಇಳಿದು ಬಂದ. ಬೈತಾನೆ ಅಂದುಕೊಂಡೆ. ಅವನು ಮೆತ್ತಗೆ, "ಸ್ಟಿಯರಿಂಗ್ ಮೇಲ್ಗಡೆ ಹಿಡೀಬೇಡ. ಕೆಳಗಡೆ ಹಿಡಿ. ಕೈ ಯಾವ ಕಡೆ ಹೋಗ್ತದೋ ಟ್ರೇಲರೂ ಅದೇ ಕಡೆ ಹೋಗ್ತದೆ" ಅಂದ. ಎರಡು ಭಾನುವಾರದ ಪ್ರಾಕ್ಟೀಸಿಗಿಂತ ಆ ಒಂದು ಮಾತು ಕೆಲಸಕ್ಕೆ ಬಂತು.

ಹೊಸಬರು ಬೋಟಿನ ಬುಡದ ಬಿರಡೆ ಹಾಕೋದು ಮರೆತು ಮುಳುಗಿಸುತ್ತಾರೆ ಅಂತ ಎಲ್ಲರೂ ಹೆದರಿಸಿದ್ದರು. ಹಾಗಾಗಿ ಬಿರಡೆಯನ್ನು ಮೂರು ಸಲ ನೋಡಿದೆ. ಮರೆತಿದ್ದು ಹಿಂದಿನ ಪಟ್ಟಿ. ಬೋಟನ್ನು ಟ್ರೇಲರಿಗೆ ಬಿಗಿದಿದ್ದ ಪಟ್ಟಿ ಹಾಗೇ ಇತ್ತು. ನೀರು ಪಿಕಪ್ಪಿನ ಹಿಂದಿನ ಗಾಲಿಗೆ ಬಂತು, ಬಂಪರಿಗೆ ಬಂತು, ಬೋಟು ತೇಲಲೇ ಇಲ್ಲ.

ಅಪ್ಪ ದಡದಲ್ಲಿ ಕೈ ಕಟ್ಟಿ ನಿಂತಿದ್ದ. "ಹಗ್ಗ ಬಿಚ್ಚದೆ ಎಮ್ಮೆ ಎಬ್ಬಿಸಿದ್ರೆ ಏಳ್ತದೇನೋ?"

ಬಿಚ್ಚಿದೆ. ಎದ್ದಿತು.

ಹೊಸ ಎಂಜಿನ್‌ಗೂ ಬಾಣಂತನ ಇದೆ ಅಂತ ನನಗೆ ಗೊತ್ತಿರಲಿಲ್ಲ. ನನ್ನ ಎಂಜಿನ್ನಿನ ಕೈಪಿಡಿ ಪ್ರಕಾರ ಮೊದಲ ಗಂಟೆ ಥ್ರಾಟಲ್, ಅಂದರೆ ವೇಗದ ಹಿಡಿ, ಅರ್ಧ ದಾಟುವಂತಿಲ್ಲ. ಎರಡನೇ ಗಂಟೆ ಮುಕ್ಕಾಲು, ನಡುನಡುವೆ ಒಂದು ನಿಮಿಷ ಪೂರ್ತಿ. ಹತ್ತು ಗಂಟೆ ತುಂಬುವ ತನಕ ಪೂರ್ತಿ ವೇಗದಲ್ಲಿ ಐದು ನಿಮಿಷಕ್ಕಿಂತ ಜಾಸ್ತಿ ಓಡಿಸಬಾರದು. ಒಂದೇ ವೇಗದಲ್ಲೂ ಇರಬಾರದು, ಏರಿಸುತ್ತಾ ಇಳಿಸುತ್ತಾ ಇರಬೇಕು. ಹಾಗಾಗಿ ಅಪ್ಪನನ್ನು ಬೆರಗುಗೊಳಿಸಬೇಕಾಗಿದ್ದ ಮೊದಲ ಸವಾರಿ ಎತ್ತಿನಗಾಡಿಗಿಂತ ಸ್ವಲ್ಪ ಮೇಲು ಅನ್ನುವಷ್ಟಿತ್ತು. ನನ್ನ ಲೈಫ್ ಜಾಕೆಟ್ಟಿಗೂ ಸ್ವಿಚ್ಚಿಗೂ ನಡುವೆ ಒಂದು ಕೆಂಪು ಸುರುಳಿ ದಾರ. ಚಾಲಕ ನೀರಿಗೆ ಬಿದ್ದರೆ ದಾರ ಕಿತ್ತು ಎಂಜಿನ್ ನಿಲ್ಲುತ್ತದೆ. ಇಂಥ ಬೋಟುಗಳಲ್ಲಿ ವೇಗವಾಗಿ ಹೋಗುವಾಗ ಅದನ್ನು ಕಟ್ಟಿಕೊಳ್ಳಲೇಬೇಕು ಅಂತ 2021ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಕಾನೂನು. ಅಪ್ಪ ನೋಡಿ, "ಯಾರು ಯಾರನ್ನ ಕಟ್ಟಿ ಹಾಕಿದ್ದು?" ಅಂದ.

ಅಪ್ಪ ನಿಜವಾಗಿ ಬೆರಗಾಗಿದ್ದು ಸಂಜೆ. ಒಂದು ಕೊಲ್ಲಿಗೆ ಹೋಗಿ ದೊಡ್ಡ ಎಂಜಿನ್ ನಿಲ್ಲಿಸಿ, ಮುಂದಿನ ಬ್ಯಾಟರಿ ಮೋಟರ್ ಇಳಿಸಿ, ಒಂದು ಬಟನ್ ಒತ್ತಿದೆ. ಬೋಟು ನಿಂತಲ್ಲೇ ನಿಂತಿತು. ಗಾಳಿ ಬೀಸುತ್ತಿತ್ತು, ಅಲೆ ಹೊಡೆಯುತ್ತಿತ್ತು, ಆದರೂ ಜಾಗ ಬಿಡಲಿಲ್ಲ. ಅಪ್ಪ ಮೊದಲು ಎಡಕ್ಕೆ ಬಗ್ಗಿ ನೋಡಿದ, ಆಮೇಲೆ ಬಲಕ್ಕೆ. "ಲಂಗರು ಎಲ್ಲಿ?" ಇಲ್ಲ ಅಂದೆ. ಜಿಪಿಎಸ್ ನೋಡಿಕೊಂಡು ಮೋಟರೇ ತಿರುಗಿ ತಿರುಗಿ ಜಾಗ ಹಿಡಿದುಕೊಳ್ಳುತ್ತದೆ ಅಂದೆ. ಅಪ್ಪ ಹೋಗಿ ಆ ಮೋಟರಿನ ಪಕ್ಕ ಕೂತು, ಅದು ಅತ್ತ ಇತ್ತ ತಲೆ ಆಡಿಸೋದನ್ನ ಹದಿನೈದು ನಿಮಿಷ ನೋಡಿದ. 115 ಎಚ್‌ಪಿ ಕಡೆ ತಿರುಗಿಯೂ ನೋಡಲಿಲ್ಲ.

ಲೇಕ್ ಫೋರ್ಕ್‌ನ ವಿಶೇಷ ಅಂದರೆ ಮರಗಳು. ನೀರು ನಿಲ್ಲಿಸುವ ಮುಂಚೆ ಹೆಚ್ಚಿನ ಮರಗಳನ್ನು ಕಡಿಯದೆ ಬಿಟ್ಟರು, ಮೀನಿಗೆ ಮನೆ ಆಗಲಿ ಅಂತ. ನಲವತ್ತು ವರ್ಷ ದಾಟಿದರೂ ಬೋಳು ಬೊಡ್ಡೆಗಳು ನಿಂತೇ ಇವೆ. ಸೂರ್ಯ ಇಳಿದಾಗ ಅವು ಕಪ್ಪಗೆ, ಒಂದೊಂದರ ತುದಿಗೂ ಒಂದೊಂದು ನೀರುಕಾಗೆ.

"ಇಲ್ಲಿ ಊರಿತ್ತಾ?" ಅಪ್ಪ ಕೇಳಿದ.

"ದನ ಮೇಯೋ ಬಯಲು, ಹೊಲ, ಕಾಡು ಅಂತಾರೆ."

"ನಮ್ಮಲ್ಲೂ ಹಿಂಗೇ ನಿಂತಿದಾವೆ. ಬೇಸಿಗೇಲಿ ನೀರು ಇಳಿದಾಗ ಕಾಣ್ತಾವೆ" ಅಂದ. ಅಂದಿನ ರಾತ್ರಿ ಬಾಡಿಗೆ ಕ್ಯಾಬಿನ್ನಿನಲ್ಲಿ ಹೆಂಡತಿ ಕಟ್ಟಿಕೊಟ್ಟ ಪುಳಿಯೋಗರೆ ತಿಂದು ಒಂಬತ್ತಕ್ಕೇ ಮಲಗಿದೆವು. ಮಲಗುವ ಮುಂಚೆ ಬೋಟಿನ ಬ್ಯಾಟರಿಗಳನ್ನು ಚಾರ್ಜಿಗೆ ಹಾಕಬೇಕು. ಕ್ಯಾಬಿನ್ ಗೊತ್ತು ಮಾಡುವಾಗ ಹೊರಗಡೆ ಪ್ಲಗ್ ಇದೆಯಾ ಅಂತ ಕೇಳಿಕೊಂಡಿದ್ದು ನನ್ನ ಈ ಪ್ರವಾಸದ ಒಂದೇ ಒಂದು ಬುದ್ಧಿವಂತಿಕೆ.

ಎರಡನೇ ದಿನ, ಶನಿವಾರ

ಬೆಳಗ್ಗೆ ಐದೂವರೆಗೆ ನೀರಿನ ಮೇಲೆ ಮಂಜು. ಅಪ್ಪ ಮಂಕಿ ಟೋಪಿ, ಸ್ವೆಟರ್, ಅದರ ಮೇಲೆ ಲೈಫ್ ಜಾಕೆಟ್ ಹಾಕಿ ರೆಡಿ. ಮೊದಲು ಎರೆ ಅಂಗಡಿಗೆ ಹೋದೆವು. ಕಾಫಿ, ಲೈಸೆನ್ಸು, ಗಾಳ, ಎರೆ ಎಲ್ಲಾ ಒಂದೇ ಕೌಂಟರಿನಲ್ಲಿ. ನನ್ನ ಹತ್ತಿರ ವರ್ಷದ ಲೈಸೆನ್ಸ್ ಇತ್ತು. ಅಪ್ಪ ಇಲ್ಲಿನ ನಿವಾಸಿ ಅಲ್ಲವಲ್ಲ, ಅವನಿಗೆ ದಿನದ ಲೆಕ್ಕದ ಲೈಸೆನ್ಸ್ ತೆಗೆದುಕೊಂಡೆ. ಬರೀ ನೋಡೋಕೆ ಬರ್ತೀನಿ ಅಂತ ಅಪ್ಪ ಹೇಳಿದರೂ ತೆಗೆದುಕೊಂಡಿದ್ದು ಒಳ್ಳೇದೇ ಆಯಿತು.

ಕೌಂಟರಿನ ಹೆಂಗಸು ಈ ಕೆರೆಯ ಕಥೆ ಹೇಳಿದರು. 1986ರಲ್ಲಿ ಮಾರ್ಕ್ ಸ್ಟೀವನ್ಸನ್ ಅನ್ನುವವರು ಇಲ್ಲಿ 17.67 ಪೌಂಡಿನ ಬ್ಯಾಸ್ ಹಿಡಿದರು. ಅದಕ್ಕೆ ಎಥೆಲ್ ಅಂತ ಹೆಸರಿಟ್ಟು, ಸಾಯಿಸದೆ ಸಾಕಿದರು. ದೊಡ್ಡ ಮೀನನ್ನು ಸರ್ಕಾರಕ್ಕೆ ಸಾಲ ಕೊಟ್ಟು ಮರಿ ಮಾಡಿಸುವ ಟೆಕ್ಸಾಸಿನ ಯೋಜನೆ ಶುರುವಾಗಿದ್ದೇ ಅವಳಿಂದ. ಆಮೇಲೆ 1992ರ ಜನವರಿಯಲ್ಲಿ ಬ್ಯಾರಿ ಸೇಂಟ್ ಕ್ಲೇರ್ 18.18 ಪೌಂಡಿನದನ್ನು ಎತ್ತಿದರು, ಎಂಟು ಕಿಲೋ ಮೇಲೆ. ರಾಜ್ಯದ ದಾಖಲೆ ಇವತ್ತಿಗೂ ಅದೇ. ತಮಾಷೆ ಅಂದರೆ ಆತ ಬ್ಯಾಸ್ ಹಿಡಿಯೋಕೆ ಹೋಗಿರಲೇ ಇಲ್ಲ. ಕ್ರ್ಯಾಪಿ ಅನ್ನೋ ಅಂಗೈಯಗಲದ ಮೀನಿಗೆ ಅಂತ ಜೀವಂತ ಪುಟ್ಟ ಮೀನು ಸಿಕ್ಕಿಸಿ ಬಿಟ್ಟಿದ್ದ ಗಾಳ ಅದು.

ಇಷ್ಟನ್ನೂ ಅಪ್ಪನಿಗೆ ಕನ್ನಡದಲ್ಲಿ ಹೇಳಿದೆ. ಅಷ್ಟೊತ್ತಿಗೆ ನನ್ನ ಬುಟ್ಟಿಯಲ್ಲಿ ಅರವತ್ತು ಡಾಲರಿನ ಪ್ಲಾಸ್ಟಿಕ್ ಎರೆಹುಳ ಇತ್ತು. ಕಲ್ಲಂಗಡಿ ಬಣ್ಣದ್ದು, ಕುಂಬಳದ ಬಣ್ಣದ್ದು, ಬೆಳ್ಳುಳ್ಳಿ ವಾಸನೆಯದ್ದು. ಅಪ್ಪ ಒಂದು ಪೊಟ್ಟಣ ಮೂಸಿ ನೋಡಿ ಕೆಳಗಿಟ್ಟ. ತೊಟ್ಟಿಯಲ್ಲಿ ಓಡಾಡುತ್ತಿದ್ದ ಜೀವಂತ ಮೀನುಮರಿಗಳ ಕಡೆ ಬೆರಳು ಮಾಡಿ, "ಅದು ಹನ್ನೆರಡು" ಅಂದ.

ನೀರಿಗಿಳಿದ ಮೇಲೆ ನನ್ನ ಹತ್ತಿರ ಎಂಟು ರಾಡು. ಏಳೂವರೆ ಅಡಿಯ ರಾಡುಗಳು ಬೋಟಿನ ರಾಡ್ ಪೆಟ್ಟಿಗೆಯಲ್ಲಿ ಹಿಡಿಸೋದಿಲ್ಲ ಅಂತ ಗೊತ್ತಾಗಿದ್ದು ಇಲ್ಲಿ. ಏಳಡಿ ಸರಿ, ಅದಕ್ಕೂ ಮೇಲೆ ಮೂಲೆಯಿಂದ ಮೂಲೆಗೆ ಓರೆ ಇಡಬೇಕು. ಕೊಳ್ಳುವಾಗ ನಿಮ್ಮ ರಾಡನ್ನು ಅಂಗಡಿಗೆ ತೆಗೆದುಕೊಂಡು ಹೋಗಿ ಇಟ್ಟು ನೋಡಿ, ನಾಚಿಕೆ ಬೇಡ. ಇನ್ನೊಂದು ಕಿರಿಕಿರಿ ಮುಚ್ಚಳಗಳದ್ದು. ವೇಗ ಏರಿದ ಕೂಡಲೇ ಡಬ್ಬಿಗಳ ಮುಚ್ಚಳ ಎಲ್ಲಾ ಸೇರಿ ತಾಳ ಹಾಕುತ್ತವೆ. ಆಮೇಲೆ ಮನೆಗೆ ಬಂದು ರಬ್ಬರ್ ಪಟ್ಟಿ ಅಂಟಿಸಿದೆ, ಈಗ ಕಮ್ಮಿ.

ಆದರೆ ಮುಂದಿನ ಡೆಕ್ ಮಾತ್ರ ಬಂಗಾರ. ಇಬ್ಬರು ನಿಂತು ತೋಳು ಬೀಸಿದರೂ ಅಲುಗಾಡೋದಿಲ್ಲ. ಅಪ್ಪ ಮೊದಲು ಗೋಡೆ ಹಿಡಿದ ಮಗುವಿನ ಹಾಗೆ ಕುರ್ಚಿ ಹಿಡಿದುಕೊಂಡಿದ್ದ. ಹತ್ತು ನಿಮಿಷಕ್ಕೆ ಕೈಬಿಟ್ಟ. "ತೆಪ್ಪದಲ್ಲಿ ಹಿಂಗೆ ನಿಂತ್ರೆ ಇಷ್ಟೊತ್ತಿಗೆ ಕೆಳಗೆ" ಅಂದ. ಬೋಟಿನ ಬಗ್ಗೆ ಅಪ್ಪ ಬಾಯಿಬಿಟ್ಟು ಆಡಿದ ಮೊದಲ ಒಳ್ಳೇ ಮಾತು.

ಈಗ ಮೊದಲ ಅಪಘಾತ. ಕೆರೆಯಲ್ಲಿ ಬೋಟು ಓಡಿಸುವ ದಾರಿಗಳಿಗೆ ತೇಲುಬುರುಡೆ ಹಾಕಿ ಗುರುತು ಮಾಡಿದ್ದಾರೆ. ಅದರೊಳಗೇ ಇರಬೇಕು. ನಾನು ಸೋನಾರ್ ಪರದೆಯಲ್ಲಿ ಮೀನಿನ ಗುಂಪು ಕಂಡು, ಕಣ್ಣು ಅದರ ಮೇಲೇ ಇಟ್ಟು ನಿಧಾನಕ್ಕೆ ದಾರಿ ಬಿಟ್ಟೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣದೆ ಇನ್ನೂ ಬಗ್ಗಿದ್ದೆ. "ಡಬ್" ಅಂತ ಒಂದು ಸದ್ದು, ಆಮೇಲೆ ಕರ್ ಅಂತ ಕೆರೆದ ಸದ್ದು. ಬೋಟು ನಿಂತಿತು. ಜಿಪಿಎಸ್ ನಿಲ್ಲಿಸಿದ್ದಲ್ಲ, ಬೊಡ್ಡೆ ನಿಲ್ಲಿಸಿದ್ದು. ನೀರಿಗಿಂತ ನಾಲ್ಕು ಬೆರಳು ಕೆಳಗಿದ್ದ ಬೊಡ್ಡೆಯ ಮೇಲೆ ಬೋಟಿನ ಹೊಟ್ಟೆ ಕೂತಿತ್ತು. ಬುಗುರಿ ಥರ ಸುತ್ತುತ್ತದೆ, ಮುಂದೂ ಹೋಗೋದಿಲ್ಲ, ಹಿಂದೂ ಹೋಗೋದಿಲ್ಲ.

ರಿವರ್ಸ್ ಹಾಕಿದೆ. ನೀರು ಕದಡಿತು, ಅಷ್ಟೇ. ಅಪ್ಪ ಕೈ ಎತ್ತಿದ. "ಎಂಜಿನ್ ನಿಲ್ಸು. ರೆಕ್ಕೆ ಮುರ್ಕೊಂತೀಯ."

ಬೊಡ್ಡೆ ಎಲ್ಲಿದೆ ಅಂತ ಬೋಟಿನ ಪಕ್ಕಕ್ಕೆ ಬೋರಲು ಮಲಗಿ, ತೋಳು ಮುಳುಗಿಸಿ ತಡಕಿದ. ಮುಂಭಾಗದಲ್ಲಿತ್ತು. "ಇಬ್ರೂ ಹಿಂದೆ ಹೋಗಿ ನಿಲ್ಲಾಣ." ಹಿಂದೆ ಹೋದೆವು. ಮೂತಿ ಒಂದಿಷ್ಟು ಎದ್ದಿತು. ಹುಟ್ಟನ್ನು ಪಕ್ಕದ ಒಣಮರಕ್ಕೆ ಊರಿ ಅಪ್ಪ ಒಂದೇ ಒಂದು ಸಲ ಒತ್ತಿದ. ಬೋಟು ಜಾರಿ ಹಿಂದಕ್ಕೆ ಬಂತು. ಎಪ್ಪತ್ತು ವರ್ಷದ ಮನುಷ್ಯ, ಏದುಸಿರೂ ಇಲ್ಲ. ಕೆಳಗೆ ಒಂದು ಗೇಣುದ್ದದ ಗೀರು, ಸಣ್ಣ ತಗ್ಗು. ಫೈಬರ್‌ಗ್ಲಾಸ್ ಆಗಿದ್ದರೆ ಸೀಳು ಬಿಟ್ಟಿರಬಹುದಿತ್ತು.

"ತಗಡೇ ಒಳ್ಳೇದು" ಅಂದ ಅಪ್ಪ.

ಅದಾದಮೇಲೆ ನಾನು ಮೂರು ಗಂಟೆ ಪ್ಲಾಸ್ಟಿಕ್ ಹುಳ ಎಸೆದೆ. ನೀರಿನ ಉಷ್ಣತೆ 66 ಡಿಗ್ರಿ ಫ್ಯಾರನ್‌ಹೀಟ್, ಮೊಟ್ಟೆ ಇಡುವ ಕಾಲ. ಈ ಕಾಲದಲ್ಲಿ ಬ್ಯಾಸ್ ದಡದ ಹತ್ತಿರ ಬರುತ್ತದೆ. ಗಂಡುಮೀನು ಬಾಲದಲ್ಲಿ ಗುಡಿಸಿ ತಟ್ಟೆಯಗಲದ ಗೂಡು ಮಾಡಿ, ಹೆಣ್ಣು ಮೊಟ್ಟೆ ಇಟ್ಟು ಹೋದಮೇಲೂ ಕಾವಲು ಕೂರುತ್ತದೆ. ಬಣ್ಣದ ಕನ್ನಡಕದಲ್ಲಿ ನೋಡಿದರೆ ಗೂಡು ಕಾಣುತ್ತದೆ. ಅಪ್ಪನಿಗೆ ತೋರಿಸಿದೆ. "ಕೊರವ ಮೀನೂ ಹಿಂಗೇ. ಮರಿ ಬಿಟ್ಟು ಅಲ್ಲಾಡಾದಿಲ್ಲ" ಅಂದ. ನನ್ನ ಗಾಳಕ್ಕೆ ಎರಡು ಸಲ ತಗುಲಿ, ಎರಡು ಸಲವೂ ತಪ್ಪಿಸಿಕೊಂಡಿತು.

ಅಪ್ಪ ಒಂದು ಬೆಂಡು, ಒಂದು ಮೀನುಮರಿ, ಒಂದು ಒಣಮರದ ನೆರಳು ಆರಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ. ಅವಲಕ್ಕಿ ತಿನ್ನುತ್ತಿದ್ದ. ಬೆಂಡು ಒಮ್ಮೆ ನಡುಗಿತು. ಪಕ್ಕಕ್ಕೆ ಸರಿಯಿತು. ನಾನು "ಎಳಿ, ಎಳಿ" ಅಂದೆ. ಅಪ್ಪ ಎಳೆಯಲಿಲ್ಲ. ಬಾಯಿಯಲ್ಲಿದ್ದ ಅವಲಕ್ಕಿ ಅಗಿದು ನುಂಗಿದ. ಬೆಂಡು ಪೂರ್ತಿ ಮುಳುಗಿ, ದಾರ ಬಿಗಿಯಾದಮೇಲೆ ಮಣಿಕಟ್ಟು ತಿರುಗಿಸಿದ.

ನೀರಿನಿಂದ ಮೀನು ಇಡೀ ಮೈ ಎತ್ತಿ ಹಾರಿತು. ದೊಡ್ಡ ಬಾಯಿ ತೆರೆದು ತಲೆ ಕೊಡವಿತು. ಅಪ್ಪ ಎದ್ದು ನಿಂತ, ಅವಲಕ್ಕಿ ಡಬ್ಬಿ ಉರುಳಿತು. ನಾನು ಬಲೆ ಹಿಡಿದು ಆ ಕಡೆ ಈ ಕಡೆ ಓಡಿದೆ. ಹಸಿರು ಬೆನ್ನು, ಪಕ್ಕದಲ್ಲಿ ಮಸಿ ಗೆರೆ, ಹೊಟ್ಟೆ ಬಿಳಿ. ಅಳತೆ ಪಟ್ಟಿಯ ಮೇಲೆ ಹತ್ತೊಂಬತ್ತು ಇಂಚು.

"ಅಪ್ಪ, ಬಿಡಬೇಕು."

"ಏನು?"

ಲೇಕ್ ಫೋರ್ಕ್‌ನಲ್ಲಿ ಹದಿನಾರು ಇಂಚಿನಿಂದ ಇಪ್ಪತ್ನಾಲ್ಕು ಇಂಚಿನ ತನಕದ ಬ್ಯಾಸ್ ಇಟ್ಟುಕೊಳ್ಳುವಂತಿಲ್ಲ. ತಕ್ಷಣ ನೀರಿಗೆ ಬಿಡಬೇಕು. ಹದಿನಾರಕ್ಕಿಂತ ಸಣ್ಣದು ಆಗುತ್ತದೆ. ಇಪ್ಪತ್ನಾಲ್ಕೋ ಅದಕ್ಕೂ ಮೇಲೋ ಇದ್ದರೆ ದಿನಕ್ಕೆ ಒಂದು. ನಡುವಿನವು ಬೆಳೆಯಲಿ ಅಂತ ನಿಯಮ.

"ಸಣ್ಣದು ತಿನ್ನಬಹುದು, ದೊಡ್ಡದು ಬಿಡಬೇಕು? ಚೆನ್ನಾಗಿ ಬೆಳೆದಿದ್ದೇ ತಪ್ಪಾ?"

ವಿವರಿಸಿದೆ. ಅಪ್ಪ ಮೀನಿನ ಕೆಳದವಡೆ ಹಿಡಿದು, ನೀರಲ್ಲಿ ಒಂದೆರಡು ಸಲ ಆಡಿಸಿ ಕೈ ಸಡಿಲ ಬಿಟ್ಟ. ಬಾಲ ಹೊಡೆದು ಹೋಯಿತು, ನೀರು ಅಪ್ಪನ ಮುಖಕ್ಕೆ ಎರಚಿತು. ಮುಖ ಒರೆಸಿಕೊಳ್ಳುತ್ತಾ, "ನಾವು ಹತ್ಮೀನು ಕಡೀತಿದ್ವಲ್ಲ, ಮೊದಲ ಮಳೆಗೆ ಗದ್ದೆ ಹತ್ತಿ ಬರ್ತಿದ್ದಿದ್ದು. ಎಲ್ಲಾ ಮೊಟ್ಟೆ ತುಂಬಿದ್ದೇ" ಅಂದ. ಸ್ವಲ್ಪ ಬಿಟ್ಟು, "ಅದಕ್ಕೇ ಈಗ ಹಳ್ಳದಾಗೆ ಏನೂ ಇಲ್ಲ" ಅಂದ. ಮತ್ತೆ ಬೆಂಡು ಬಿಟ್ಟುಕೊಂಡು ಕೂತ.

ಮಧ್ಯಾಹ್ನ ವಾಪಸ್ ಬರುವಾಗ ಎಂಜಿನ್ನಿಗೆ ಒಂದು ನಿಮಿಷ ಪೂರ್ತಿ ಕೊಡುವ ಸರದಿ. ಗುರುತಿನ ದಾರಿ, ನೀರು ಸಮ, ಎದುರಿಗೆ ಯಾರೂ ಇಲ್ಲ. ಕೊಟ್ಟೆ. ಮೂತಿ ಎದ್ದಿತು, ಆಮೇಲೆ ಬೋಟು ನೀರ ಮೇಲೆ ಮಲಗಿತು, ಜಾರಿತು. 43 ಮೈಲಿ, ಅಂದರೆ ಗಂಟೆಗೆ ಎಪ್ಪತ್ತು ಕಿಲೋಮೀಟರ್ ಹತ್ತಿರ. ನೀರಿನ ಮೇಲೆ ಅದು ನೂರೈವತ್ತರ ಹಾಗೆ ಅನಿಸುತ್ತದೆ. ಇದೇ ನಾನು ಕಾದಿದ್ದ ಗಳಿಗೆ. ಅಪ್ಪನ ಮುಖ ನೋಡೋಣ ಅಂತ ತಿರುಗಿದೆ. ಮಂಕಿ ಟೋಪಿ ಇರಲಿಲ್ಲ. ಅಪ್ಪ ಹಿಂದಕ್ಕೆ ಕೈ ತೋರಿಸುತ್ತಾ ಏನೋ ಕೂಗುತ್ತಿದ್ದ.

ತಿರುಗಿಸಿಕೊಂಡು ಹೋದೆವು. ಕಂದು ಟೋಪಿ ಒಂದು ಒಣಕೊಂಬೆಗೆ ಸಿಕ್ಕಿಕೊಂಡಿತ್ತು. ಬಲೆ ಹಾಕಿ ಎತ್ತಿದೆ. ಅವತ್ತು ನಾನು ಹಿಡಿದಿದ್ದು ಅದೊಂದೇ.

ರಾತ್ರಿ ಕೆರೆ ಪಕ್ಕದ ಒಂದು ಹೋಟೆಲಿನಲ್ಲಿ ಮೆಕ್ಕೆಜೋಳದ ಹಿಟ್ಟಲ್ಲಿ ಕರಿದ ಕ್ಯಾಟ್‌ಫಿಶ್ ತಿಂದೆವು. ಜೊತೆಗೆ ಹಶ್‌ಪಪ್ಪಿ ಅಂತ ಉಂಡೆ ಉಂಡೆ. ಅಪ್ಪ ಒಂದನ್ನು ಮುರಿದು ನೋಡಿ, "ಬೋಂಡ. ಹಸಿಮೆಣಸು ಕಮ್ಮಿ" ಅಂತ ತೀರ್ಪು ಕೊಟ್ಟ. ಮೀನಿಗೆ ಚಟ್ನಿಪುಡಿ ಉದುರಿಸಿಕೊಂಡ. ಬಡಿಸುವ ಹುಡುಗಿ ಏನದು ಅಂತ ಕೇಳಿ, ಚಿಟಿಕೆ ನಾಲಿಗೆ ಮೇಲಿಟ್ಟುಕೊಂಡು, ಓಡಿ ಹೋಗಿ ನೀರು ಕುಡಿದಳು. ಬಿಲ್ಲು ಕೊಡುವಾಗ ಇನ್ನೊಂದು ಚಿಟಿಕೆ ಕೇಳಿದಳು.

ಮೂರನೇ ದಿನ, ಭಾನುವಾರ

ಟೆಕ್ಸಾಸಿನ ಏಪ್ರಿಲ್ ಗಾಳಿಯನ್ನು ನಂಬಬಾರದು. ಬೆಳಗ್ಗೆ ಎಂಟಕ್ಕೆ ಸುಮ್ಮನಿದ್ದ ಕೆರೆ ಹತ್ತಕ್ಕೆ ಬಿಳಿ ನೊರೆ ಕಾರುತ್ತಿತ್ತು. ದಕ್ಷಿಣದ ಗಾಳಿ, ಪಶ್ಚಿಮಕ್ಕೆ ನೀಲಿಗಪ್ಪು ಮೋಡ. ಫೋನು ಎಚ್ಚರಿಕೆ ಕೂಗಿತು. ನಾವು ಕೆರೆಯ ಆ ತುದಿಯಲ್ಲಿದ್ದೆವು.

ದೊಡ್ಡ ನೀರು ದಾಟುವಾಗ ನಾನು ಗಾಬರಿಯಲ್ಲಿ ಮಾಡಬಾರದ್ದು ಮಾಡಿದೆ. ಎದುರಿಗೆ ಎತ್ತರದ ಅಲೆ ಬಂತು ಅಂತ ಥ್ರಾಟಲ್ ತಟ್ಟನೆ ಬಿಟ್ಟೆ. ಮೂತಿ ಕೆಳಗಾಯಿತು, ಮುಂದಿನ ಅಲೆ ಡೆಕ್ಕಿನ ಮೇಲಿಂದ ಹರಿದು ನಮ್ಮ ತೊಡೆಯ ಮೇಲೆ ಬಿತ್ತು. ಈ ತಗ್ಗು ಬೋಟುಗಳ ದೊಡ್ಡ ದೋಷ ಇದೇ. ಶಾಂತ ನೀರಲ್ಲಿ ರಾಜ, ಅಲೆಯಲ್ಲಿ ತಟ್ಟೆ. ನೀರು ಹೊರಹಾಕುವ ಪಂಪು ತಾನಾಗೇ ಓಡಿತು, ಅದಕ್ಕೊಂದು ನಮಸ್ಕಾರ. ಟ್ರಿಮ್ ಮಾಡಿ, ಅಂದರೆ ಎಂಜಿನ್ನಿನ ಕೋನ ಬದಲಿಸಿ ಮೂತಿ ಸ್ವಲ್ಪ ಎತ್ತಿಕೊಂಡು, ಎಂಜಿನ್ನಿನ ಎಳೆತ ಬಿಡದೆ ನಿಧಾನಕ್ಕೆ ಹೋಗಬೇಕು. ಅಪ್ಪ ಟ್ರಿಮ್ಮು ಗಿಮ್ಮು ಏನೂ ಗೊತ್ತಿಲ್ಲದೆ, "ನೆಟ್ಟಗೆ ಹೊಡೀಬೇಡ, ಓರೆ ಬಿಡು, ಓರೆ" ಅಂತ ಕೈ ಅಡ್ಡಡ್ಡ ಬೀಸುತ್ತಿದ್ದ. ಓರೆ ಬಿಟ್ಟೆ. ಹೊಡೆತ ಕಮ್ಮಿಯಾಯಿತು.

ಹತ್ತಿರದ ಮರೀನಾಗೆ ಹೋಗಿ ಬೋಟು ಕಟ್ಟಿ, ತಗಡಿನ ಮಾಡಿನ ಕೆಳಗೆ ನಿಂತೆವು. ಮಳೆ ಬಂತು, ಹಿಂದೆಯೇ ಆಲಿಕಲ್ಲು. ಕಡಲೆಕಾಳಿನ ಗಾತ್ರದ್ದು. ಮಾಡಿನಾಚೆ ಕಟ್ಟಿದ್ದ ನನ್ನ ಹೊಸ ಬೋಟಿನ ಮೇಲೆ ಟಣಟಣ ಬಡಿಯಿತು. ಅಪ್ಪ ನನ್ನ ಮುಖ ನೋಡಿದ, ಏನೂ ಹೇಳಲಿಲ್ಲ.

ಅಲ್ಲೇ ಬೆಂಚಿನ ಮೇಲೆ ಒಬ್ಬ ಅಜ್ಜ ಇದ್ದರು, ಮೇಲುಡುಪಿನ ಜೇಬಲ್ಲಿ ಕನ್ನಡಕ, ಕೈಯಲ್ಲಿ ಕಾಫಿ. ಅಪ್ಪನ ವಯಸ್ಸೇ ಇರಬೇಕು. ಎಲ್ಲಿಂದ ಬಂದಿದ್ದು ಅಂತ ಕೇಳಿದರು. ಹೇಳಿದೆ. ತಮ್ಮ ಅಜ್ಜನ ದನದ ಹುಲ್ಲುಗಾವಲು ಆ ಸೇತುವೆಯಾಚೆ ನೀರೊಳಗಿದೆ ಅಂದರು. ಇಪ್ಪತ್ತೈದು ವರ್ಷದ ಹುಡುಗ ಆಗ, ನೀರು ಬೇಲಿಗೂಟ ಒಂದೊಂದನ್ನೇ ನುಂಗುವುದನ್ನ ದಿನಾ ಹೋಗಿ ನೋಡುತ್ತಿದ್ದರಂತೆ. ಅಪ್ಪನಿಗೆ ಹೇಳಿದೆ. ಅಪ್ಪ ತಿರುಗಿ ಅವರಿಗೇ ಕನ್ನಡದಲ್ಲಿ ಹೇಳಿದ: "ನಮ್ದು ಮನೇನೂ ಹೋಯ್ತು." ಅಂಗೈ ಚಪ್ಪಟೆ ಮಾಡಿ, ನಿಧಾನಕ್ಕೆ ಮೊಣಕಾಲಿಂದ ಎದೆಯ ತನಕ ಎತ್ತಿದ. ಅಜ್ಜ ತಲೆ ಆಡಿಸಿದರು. ನಾನು ಅನುವಾದ ಮಾಡಬೇಕಾಗಲಿಲ್ಲ.

"ನಮ್ಮಲ್ಲಿ ಸಿಗಂದೂರಿಗೆ ಹೋಗೋಕೆ ಲಾಂಚಿತ್ತು, ಬಸ್ಸನ್ನೇ ಹತ್ತಿಸ್ತಿದ್ರು. ಈಗ ಸೇತುವೆ ಆಯ್ತು. ಹೇಳು ಅವ್ರಿಗೆ" ಅಂದ ಅಪ್ಪ. ಹೇಳಿದೆ. ಬಸ್ಸು ಹೊತ್ತ ದೋಣಿಯ ಫೋಟೋ ಫೋನಿನಲ್ಲಿ ತೋರಿಸಿದೆ. ಅಜ್ಜ ಅದನ್ನೂ ನೋಡಿ, ನನ್ನ ಬೋಟನ್ನೂ ನೋಡಿ, "ಅದು ದೋಣಿ" ಅಂದರು. ಇಬ್ಬರೂ ನಕ್ಕರು.

ಒಂದು ಗಂಟೆಯಲ್ಲಿ ಮೋಡ ಹರಿಯಿತು. ರ‍್ಯಾಂಪಿನಲ್ಲಿ ಈ ಸಲ ಅಪ್ಪ ಬಾಯಿ ಬಿಡಲಿಲ್ಲ, ಬರೀ ಕೈಸನ್ನೆ. ನಾನು ಸ್ಟಿಯರಿಂಗನ್ನು ಕೆಳಗಡೆ ಹಿಡಿದು ಒಂದೇ ಸಲಕ್ಕೆ ಇಳಿಸಿದೆ. ಬೋಟು ಎತ್ತಿದ ಮೇಲೆ ಬಿರಡೆ ತೆಗೆದು, ಮೀನಿನ ತೊಟ್ಟಿಯ ನೀರೆಲ್ಲಾ ಅಲ್ಲೇ ಖಾಲಿ ಮಾಡಬೇಕು. ಒಂದು ಕೆರೆಯ ನೀರು ಇನ್ನೊಂದು ಕೆರೆಗೆ ಹೋದರೆ ಝೀಬ್ರಾ ಮಸಲ್ ಅನ್ನೋ ಚಿಪ್ಪುಹುಳ ಹರಡುತ್ತದೆ, ಹಾಗಾಗಿ ಟೆಕ್ಸಾಸಿನಲ್ಲಿ ಇದು ಕಾನೂನು. ಮೂರು ದಿನ ಒಂದು ಮೀನೂ ಕಾಣದ ತೊಟ್ಟಿಯಿಂದ ಸ್ವಚ್ಛ ನೀರು ಹರಿದುಹೋಯಿತು.

ಫ್ರಿಸ್ಕೋ ತಲುಪಿದಾಗ ಸಂಜೆ ಆರು. ಬೋಟನ್ನು ಮನೆಗೆ ತರುವ ಹಾಗಿಲ್ಲ. ನಮ್ಮ ಬಡಾವಣೆ ಸಂಘದವರು ಮನೆ ಮುಂದೆ ಟ್ರೇಲರ್ ನಿಲ್ಲಿಸಿದರೆ ಪತ್ರ ಕಳಿಸುತ್ತಾರೆ, ಗ್ಯಾರೇಜಿನಲ್ಲಿ ಎರಡಡಿ ಕಮ್ಮಿ ಬೀಳುತ್ತದೆ. ಮೂತಿ ಮಡಚುವ ಟ್ರೇಲರ್ ಸಿಗುತ್ತಿತ್ತು, ಕೊಳ್ಳುವಾಗ ಕೇಳಬೇಕು ಅಂತ ನನಗೆ ಹೊಳೆಯಲಿಲ್ಲ. ಹಾಗಾಗಿ ತಿಂಗಳ ಬಾಡಿಗೆ ಕೊಟ್ಟು ಒಂದು ಯಾರ್ಡಿನಲ್ಲಿ ಇಟ್ಟಿದ್ದೇನೆ. ಗೇಟು ಹಾಕುವ ಮುಂಚೆ ಅಪ್ಪ ಇಳಿದು, ಅಭ್ಯಾಸದಂತೆ ಎರಡೂ ಚಕ್ರ ಮುಟ್ಟಿ ಬಂದ.

ಅಷ್ಟರಲ್ಲಿ ಹೆಂಡತಿಯ ಫೋನು. ಮಸಾಲೆ ಅರೆದಿಟ್ಟಿದ್ದೀನಿ, ಮೀನು ಎಷ್ಟು ತರ್ತಾ ಇದೀರಿ ಅಂತ. ಅಪ್ಪ, ನಾನು ಮುಖ ಮುಖ ನೋಡಿಕೊಂಡೆವು. ದಾರಿಯಲ್ಲಿ ಅಂಗಡಿಗೆ ಹೋಗಿ ಎರಡು ಪೌಂಡ್ ಕ್ಯಾಟ್‌ಫಿಶ್ ತೂಕ ಹಾಕಿಸಿದೆವು.

ರಾತ್ರಿ ಊಟ ಆದಮೇಲೆ ಅಪ್ಪ ಊರಿಗೆ ಫೋನು ಹಚ್ಚಿದ. ಅಲ್ಲಿ ಬೆಳಗ್ಗೆ. ಎಂಜಿನ್ನಿನ ಮಾತು ಬರಲಿಲ್ಲ, ವೇಗದ ಮಾತೂ ಬರಲಿಲ್ಲ. "ಲಂಗರಿಲ್ಲದೆ ನಿಲ್ತದೆ ಮಾರಾಯ. ಹೌದು, ನಿಂತಲ್ಲೇ. ಮೀನು ಜೀವಂತ ಇಡೋಕೆ ತೊಟ್ಟಿ ಬೇರೆ ಇದೆ ಬೋಟಲ್ಲೇ... ಇಲ್ಲ, ಇಡಾ ಹಂಗಿಲ್ಲ. ದೊಡ್ಡದಾದ್ರೆ ಬಿಡಬೇಕು... ಹತ್ತೊಂಬತ್ತು ಇಂಚು. ನಂದೇ." ಸ್ವಲ್ಪ ಹೊತ್ತು ಆ ಕಡೆಯವರ ಮಾತು ಕೇಳಿಸಿಕೊಂಡ. "ಅವನಾ?" ಅಂತ ನನ್ನ ಕಡೆ ನೋಡಿದ. "ಅವನು ನನ್ನ ಟೋಪಿ ಹಿಡಿದ."